ತಂಪು ಬಿದ್ದ ಮನೆ

ನಮ್ಮೂರಲ್ಲಿ ಯಾರ ಮನೆಯ ಎಸಿಯೂ ಅವರ ಮನೆಯನ್ನು ತಂಪು ಮಾಡುವುದಿಲ್ಲ. ಒಬ್ಬರ ಗೋಡೆಯ ಮೇಲೆ ಮಿಷನ್ನು ಗುರುಗುಟ್ಟಿದರೆ ಊರಿನ ಇನ್ಯಾವುದೋ ಮನೆಯ ಇನ್ಯಾವುದೋ ಕೋಣೆಯಲ್ಲಿ ತಂಪು ಬೀಳುತ್ತದೆ. ಎಲ್ಲಿ ಬೀಳುತ್ತದೆಂದು ಮಿಷನ್ನು ಕೂಡಿಸುವವನಿಗೂ ಗೊತ್ತಿರುವುದಿಲ್ಲ. ಕೂಡಿಸುವವನು ನಾನೇ ಆದ್ದರಿಂದ ಈ ಮಾತನ್ನು ಧೈರ್ಯವಾಗಿ ಹೇಳಬಲ್ಲೆ. ಒಮ್ಮೆ ಒಂದು ಮನೆಗೆ ಬಿದ್ದರೆ ಆ ಮಿಷನ್ನು ಇರುವ ತನಕ ಅದೇ ಮನೆಗೆ ಬೀಳುತ್ತದೆ. ಪರಊರಿನವರು ಇದನ್ನು ಕೇಳಿ ನಗುತ್ತಾರೆ, ಹಾಗಾದರೆ ನೀವು ಯಾಕೆ ಕೊಳ್ಳುತ್ತೀರಿ ಎನ್ನುತ್ತಾರೆ. ನಾವು ಕೊಳ್ಳದಿದ್ದರೆ ಇನ್ನೊಬ್ಬರು ಯಾಕೆ ಕೊಳ್ಳಬೇಕು, ಅವರು ಕೊಳ್ಳದಿದ್ದರೆ ನಮಗೆ ತಂಪು ಎಲ್ಲಿಂದ ಬರಬೇಕು? ಇಷ್ಟು ಸರಳ ಮಾತು ಅವರ ತಲೆಗೆ ಹೋಗುವುದಿಲ್ಲ.

ಹೊಸ ಮಿಷನ್ನು ಶುರುವಾದ ದಿನ ತಂಪು ಬಿದ್ದ ಮನೆಯವರು ಒಂದು ಹಿಡಿ ಸಕ್ಕರೆ ಕಟ್ಟಿಕೊಂಡು, ಇವತ್ತು ಯಾರ ಮನೆಯಲ್ಲಿ ಮಿಷನ್ನು ಕೂಡಿಸಿದರು ಎಂದು ಕೇಳುತ್ತ ಹೊರಡುತ್ತಾರೆ. ಅಂದೇ ಹೋಗಬೇಕು. ಸಕ್ಕರೆ ಕೊಟ್ಟ ಮೇಲೆ ಎರಡೂ ಮನೆಯವರು ತಂಪಿನ ಬೀಗರು. ಮದುವೆಯ ಬೀಗರಿಗಿಂತ ಇವರೇ ವಾಸಿ, ಒಬ್ಬರ ಮನೆಯ ಊಟದಲ್ಲಿ ಇನ್ನೊಬ್ಬರು ಕೊಂಕು ತೆಗೆಯುವುದಿಲ್ಲ. ಮಿಷನ್ನು ಕೆಟ್ಟರೆ ಇಟ್ಟುಕೊಂಡವರಿಗೆ ತಿಳಿಯುವುದೇ ಇಲ್ಲ, ಬೆವರಿದವರು ಬಂದು ಹೇಳಬೇಕು. ಆದ್ದರಿಂದ ವಾರಂಟಿ ಕಾರ್ಡಿನ ಮೇಲೆ ನಮ್ಮ ಅಂಗಡಿಯವರು ಒಂದು ರಬ್ಬರ್ ಮುದ್ರೆ ಒತ್ತುತ್ತಾರೆ. ಅದರಲ್ಲಿ ಎರಡು ಸಾಲು: ಮಿಷನ್ನು ಇರುವ ಮನೆ, ತಂಪು ಬಿದ್ದ ಮನೆ. ಎರಡೂ ಹೆಸರು ತುಂಬಿದ್ದರೆ ನನ್ನ ಕೆಲಸ ಅರ್ಧ ಮುಗಿದಂತೆ.

ನನ್ನ ಮನೆಯ ಕಾರ್ಡಿನಲ್ಲಿ ಎರಡನೇ ಸಾಲು ಖಾಲಿ. ಹತ್ತು ವರ್ಷದ ಕೆಳಗೆ ನನ್ನ ಕೈಯಾರೆ ಕೂಡಿಸಿಕೊಂಡ ಮಿಷನ್ನು ಅದು. ಆ ದಿನ ನನ್ನ ಹೆಂಡತಿ ಕಾಳಮ್ಮ ಸಂಜೆಯವರೆಗೆ ಬಾಗಿಲಲ್ಲಿ ನಿಂತಳು, ಸಕ್ಕರೆ ಹಿಡಿದು ಯಾರೂ ಬರಲಿಲ್ಲ. ಮೌನೇಶನ ತಂಪು ಹಾಳು ಬಾವಿಗೆ ಬೀಳುತ್ತದೆ ಎಂದು ಊರವರು ಆಡಿಕೊಂಡರು. ಇನ್ನು ನಮ್ಮ ಮನೆಗೆ ಯಾರ ತಂಪಾದರೂ ಬಿತ್ತೇ ಎಂದರೆ ಅದೂ ಇಲ್ಲ. ಊರಿಗೆಲ್ಲ ತಂಪು ಕೂಡಿಸಿ ಬಂದವನು ಮನೆಯಲ್ಲಿ ಬೀಸಣಿಕೆ ಹಿಡಿದು ಕೂರುತ್ತಿದ್ದೆ. ಆದರೂ ಕಾಳಮ್ಮ ಬೇಸಿಗೆಯಲ್ಲಿ ಒಂದು ದಿನವೂ ಮಿಷನ್ನು ಬಂದ್ ಮಾಡಗೊಡಲಿಲ್ಲ. ಯಾರೋ ಒಬ್ಬರು ಇರ್ತಾರ್ರಿ, ಅನ್ನುತ್ತಿದ್ದಳು. ಅವಳು ಸಂಜೆ ದೀಪ ಹಚ್ಚಿದಷ್ಟೇ ನಿಷ್ಠೆಯಿಂದ ಮಿಷನ್ನನ್ನೂ ಹಚ್ಚುತ್ತಿದ್ದಳು.

ಈ ವರ್ಷ ಯುಗಾದಿಯ ಮರುದಿನ ಅವಳು ಮಗಳ ಬಾಣಂತನಕ್ಕೆಂದು ಪರಊರಿಗೆ ಹೋದಳು. ಸಂಜೆ ಬಸ್ಸು ಹತ್ತಿಸಿ ಮನೆಗೆ ಬಂದು ಕೂತೆ. ಮೈಯೆಲ್ಲ ಬೆವರು. ತಲೆಯ ಮೇಲೆ ಮಿಷನ್ನು ಯಾರಿಗೋ ಸೇವೆ ಮಾಡುತ್ತ ಗುರುಗುಟ್ಟುತ್ತಿತ್ತು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಎದ್ದವನೇ ಗೋಡೆಯ ಸ್ವಿಚ್ಚು ಆರಿಸಿದೆ. ಮರುದಿನ ಕಾಳಮ್ಮ ಫೋನಿನಲ್ಲಿ ಮಿಷನ್ನು ಹಚ್ಚೀರಿಲ್ಲೋ ಎಂದು ಕೇಳಿದಳು, ಹಚ್ಚೇನಿ ಎಂದೆ. ಹೆಂಡತಿಗೆ ಹೇಳುವ ಇಂಥ ಸಣ್ಣ ಸುಳ್ಳುಗಳಿಂದ ಯಾರ ಮನೆ ಹಾಳಾಗುತ್ತದೆ ಎಂದುಕೊಂಡಿದ್ದೆ.

ಅದಾದ ಐದಾರು ದಿನಕ್ಕೆ ದ್ಯಾಮವ್ವ ಅಂಗಡಿಗೆ ಬಂದಳು. ಕೆಳಗಿನ ಓಣಿಯವಳು, ಗಂಡನಿಲ್ಲ, ಮಗಳು ಕಸ್ತೂರಿಯ ಜೊತೆ ಇರುತ್ತಾಳೆ. ತಾಯಿ ಮಗಳು ಸೀರೆಗೆ ಕುಚ್ಚು ಕಟ್ಟುತ್ತಾರೆ. ಕಸ್ತೂರಿಗೆ ಇಪ್ಪತ್ತಾರು. ಅವಳ ಮೈ ಹುಟ್ಟಿದಂದಿನಿಂದ ಬೆವರುವುದಿಲ್ಲ. ನಮಗೆಲ್ಲ ಬೆವರು ಬಂದು ಮೈ ಆರುತ್ತದೆ, ಅವಳಿಗೆ ಕಾವು ಒಳಗೇ ಉಳಿದು ಜ್ವರವಾಗಿ ಏರುತ್ತದೆ. ತಂಪು ಬೀಳುವ ಆ ಒಂದು ಕೋಣೆಯಲ್ಲೇ ಅವಳ ಬೇಸಿಗೆ ಕಳೆಯಬೇಕು.

"ಮೌನೇಶಣ್ಣಾ, ನಮ್ಮನೀ ತಂಪು ನಿಂತೈತಿ" ಎಂದಳು ದ್ಯಾಮವ್ವ.

ಬೀಗರು ಯಾರು ಎಂದು ಕೇಳಿದೆ. ಅವಳು ನೆಲ ನೋಡಿದಳು. ತಂಪು ಬಿದ್ದಾಗ ಅವಳ ಗಂಡ ತೀರಿಕೊಂಡು ನಾಲ್ಕನೇ ದಿನವಂತೆ. ಸಕ್ಕರೆ ಕಟ್ಟಿಟ್ಟಳಂತೆ, ಆದರೆ ಸೂತಕದ ಮನೆಯಿಂದ ಒಬ್ಬರ ಮನೆಗೆ ಸಕ್ಕರೆ ಒಯ್ಯುವುದು ಹೇಗೆ? ಸೂತಕ ಕಳೆದ ಮೇಲೆ ಹೋಗಬೇಕೆಂದರೆ, ಇಷ್ಟು ದಿನ ಪುಕ್ಕಟೆ ತಂಪು ಉಂಡು ಈಗ ಬಂದಳೇ ಎಂದಾರೆಂಬ ನಾಚಿಕೆ. ಒಂದು ವರ್ಷವಾಯಿತು, ಎರಡಾಯಿತು, ಆಮೇಲೆ ಯಾರನ್ನು ಕೇಳುವುದಕ್ಕೂ ಮುಖ ಉಳಿಯಲಿಲ್ಲ. ಯಾರ ಮಿಷನ್ನೋ ಗೊತ್ತಿಲ್ಲದೆ ಹತ್ತು ಬೇಸಿಗೆ ಆ ತಂಪಿನಲ್ಲಿ ಮಗಳನ್ನು ಉಳಿಸಿಕೊಂಡಿದ್ದಳು.

ನಾನು ದೊಡ್ಡ ವೈದ್ಯನ ಗತ್ತಿನಲ್ಲಿ ಚೀಟಿ ತೆಗೆದು ಪ್ರಶ್ನೆ ಕೇಳಿದೆ. ತಂಪು ಬಿದ್ದದ್ದು ಯಾವಾಗ? ಹತ್ತು ವರ್ಷದ ಹಿಂದೆ, ಬಸವ ಜಯಂತಿಯ ಮರುದಿನ. ನಿಂತದ್ದು ಯಾವಾಗ? ಈ ಯುಗಾದಿಯ ಮರುದಿನ, ಸಂಜೀಮುಂದ. ಎರಡನ್ನೂ ಬರೆದುಕೊಂಡೆ. ನನ್ನ ಅಕ್ಷರ ದುಂಡಗಿದೆ, ಬರೆದದ್ದನ್ನು ಓದುವ ಅಭ್ಯಾಸ ಮಾತ್ರ ಇಲ್ಲ.

ಗೋಡೆಯ ಕ್ಯಾಲೆಂಡರು ನೋಡಿದೆ. ಬಸವ ಜಯಂತಿ ಏಪ್ರಿಲ್ ಇಪ್ಪತ್ತಕ್ಕೆ ಇತ್ತು. ಮರುದಿನವೆಂದರೆ ಇಪ್ಪತ್ತೊಂದು. ಅಂಗಡಿಯಲ್ಲಿ ಇರುವ ಕಾರ್ಡಿನ ಪ್ರತಿಗಳ ಕಟ್ಟು ಬಿಚ್ಚಿ, ಹತ್ತು ವರ್ಷದ ಹಿಂದಿನ ಏಪ್ರಿಲ್ ಇಪ್ಪತ್ತೊಂದಕ್ಕೆ ಕೂಡಿಸಿದ, ಎರಡನೇ ಸಾಲು ಖಾಲಿ ಇದ್ದ, ಈಗ ನಿಂತಿರುವ ಮಿಷನ್ನು ಯಾವುದೆಂದು ಹುಡುಕಿದೆ. ಒಂದೇ ಸಿಕ್ಕಿತು, ಬಸ್‌ಸ್ಟ್ಯಾಂಡಿನ ಹಿಂದಿನ ಲಾಡ್ಜಿನದು. ಲಾಡ್ಜು ಹೋಳಿ ಹಬ್ಬಕ್ಕೇ ಬಾಗಿಲು ಹಾಕಿತ್ತು, ಯುಗಾದಿಯವರೆಗೆ ಅದರ ತಂಪು ಹೇಗೆ ಬೀಳುತ್ತಿತ್ತು ಎಂದು ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಬೀಗ ತೆಗೆಸಿ ಹೊರಗಿನ ಡಬ್ಬಿ ಬಿಚ್ಚಿದೆ. ಗ್ಯಾಸು ಇತ್ತು, ಬೋರ್ಡು ಸರಿ ಇತ್ತು, ಕಂಪ್ರೆಸರ್ ಜಾಮ್ ಆಗಿತ್ತು. ಕಂಪ್ರೆಸರ್‌ಗೆ ಹತ್ತು ವರ್ಷದ ವಾರಂಟಿ, ಇನ್ನೂ ಕೆಲವು ದಿನ ಬಾಕಿ. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಕಂಪನಿಗೆ ಫೋನು ಮಾಡಿದೆ. ಆ ಕಡೆ ಒಬ್ಬ ಹೆಣ್ಣುಮಗಳು, ತುಂಬ ಮರ್ಯಾದೆಯ ದನಿ. ದೂರು ಕೊಟ್ಟವರ ಮನೆಯಲ್ಲಿ ಯಂತ್ರ ಯಾವ ಕೋಣೆಯಲ್ಲಿದೆ ಎಂದು ಕೇಳಿದಳು. ದೂರು ಕೊಟ್ಟವರ ಮನೆಯಲ್ಲಿ ಯಂತ್ರ ಇಲ್ಲ ಎಂದೆ. ಯಂತ್ರ ಇರುವವರಿಗೆ ಏನು ತೊಂದರೆ ಎಂದಳು. ಅವರಿಗೆ ಏನೂ ತೊಂದರೆಯಿಲ್ಲ, ಲಾಡ್ಜೇ ಬಂದಾಗಿದೆ ಎಂದೆ. ಸ್ವಲ್ಪ ಹೊತ್ತು ಹಾಡು ಹಾಕಿ ಕಾಯಿಸಿದಳು.

"ಹಾಗಾದರೆ ದೂರು ಯಾವುದರ ಬಗ್ಗೆ ಸರ್?"

"ತಂಪಿನ ಬಗ್ಗೆ."

"ತಂಪಿಗೆ ವಾರಂಟಿ ಇಲ್ಲ ಸರ್. ಭಾಗಗಳಿಗೆ ಮಾತ್ರ."

ಭಾಗದ ಹೆಸರೇ ಹೇಳಿ ಒಪ್ಪಿಸಿದೆ. ನಂಬರು ಓದಿದೆ, ಫೋಟೋ ಕಳಿಸಿದೆ, ಅವರು ಇನ್ನೊಂದು ಫೋಟೋ ಕೇಳಿದರು, ಅದನ್ನೂ ಕಳಿಸಿದೆ. ಇವತ್ತು ನಾಳೆ ಎನ್ನುತ್ತ ಕಂಪ್ರೆಸರ್ ಬರಲು ಎರಡು ವಾರ ಹಿಡಿಯಿತು.

ಆ ಎರಡು ವಾರ ನಾನು ದಿನಾ ಕೆಳಗಿನ ಓಣಿಗೆ ಹೋಗುತ್ತಿದ್ದೆ. ಕಸ್ತೂರಿ ಬಚ್ಚಲಿನಲ್ಲಿ ನೀರು ತುಂಬಿಡುವ ಕಲ್ಲಿನ ದೋಣಿಯ ಪಕ್ಕ ಒದ್ದೆ ಸೀರೆ ಸುತ್ತಿಕೊಂಡು ಕೂತಿರುತ್ತಿದ್ದಳು. ಕೈಯಲ್ಲಿ ಕುಚ್ಚಿನ ದಾರ ಇರುತ್ತಿತ್ತು, ಆದರೆ ಬೆರಳು ಗಂಟು ಹಾಕುತ್ತಿರಲಿಲ್ಲ. ದ್ಯಾಮವ್ವ ಬೀದಿಯ ನಳದಿಂದ ಕೊಡ ತಂದು ತಂದು ಸುರಿಯುತ್ತಿದ್ದಳು, ಆ ನೀರೂ ಬಿಸಿಯಾಗಿಯೇ ಬರುತ್ತಿತ್ತು. ತಂಪು ಬಿದ್ದ ಬೇರೆ ಮನೆಗೆ ಮಗಳನ್ನು ಕರೆದೊಯ್ಯಿ ಎಂದರೆ, ಒಬ್ಬರಿಗೂ ಸಕ್ಕರೆ ಕೊಡದವಳು ಯಾವ ಮುಖದಿಂದ ಹೋಗಲಿ ಎನ್ನುತ್ತಿದ್ದಳು. ತಾಯಿ ಆ ಕಡೆ ಹೋದಾಗ ಕಸ್ತೂರಿ ನನ್ನನ್ನು ಚೇಷ್ಟೆ ಮಾಡುತ್ತಿದ್ದಳು, ಕಾಕಾ, ನಿಮ್ಮ ಕಂಪನಿಯವರು ಕಂಪ್ರೆಸರನ್ನ ನಡಕೊಂಡು ಬಾ ಅಂದಾರೇನು ಎಂದು. ನಗುತ್ತಿದ್ದಳು, ತುಟಿ ಬಿರಿದು ರಕ್ತ ಬರುತ್ತಿತ್ತು. ತಂಪು ಯಾವಾಗ ನಿಂತಿತು, ಸರಿಯಾಗಿ ನೆನಪು ಮಾಡಿಕೊಳ್ಳಿ ಎಂದು ನಾನು ಪ್ರತಿ ಸಲ ಕೇಳುತ್ತಿದ್ದೆ. ಬೇರೇನು ಕೇಳಬೇಕೆಂದು ತಿಳಿಯುತ್ತಿರಲಿಲ್ಲ. ಯುಗಾದಿ ಮರುದಿನ ಎಂದು ಅವರೂ ಪ್ರತಿ ಸಲ ಹೇಳುತ್ತಿದ್ದರು.

ಕಂಪ್ರೆಸರ್ ಬಂತು. ಲಾಡ್ಜಿನ ಮಿಷನ್ನಿಗೆ ಅದನ್ನು ಕೂಡಿಸಿ, ಗ್ಯಾಸು ತುಂಬಿ, ದೇವರ ಹೆಸರು ಹೇಳಿ ಹಚ್ಚಿದೆ. ಹಚ್ಚಿ ದ್ಯಾಮವ್ವನಿಗೆ ಫೋನು ಮಾಡಿದೆ. ಗೋಡೆಗೆ ಕೈ ಇಟ್ಟು ನಿಂತೇನಿ, ಇನ್ನೂ ಏನಿಲ್ಲೋ ಯಣ್ಣಾ ಎಂದಳು. ಹತ್ತು ನಿಮಿಷ ಬಿಟ್ಟು ಕೇಳಿದೆ, ಅರ್ಧ ತಾಸು ಬಿಟ್ಟು ಕೇಳಿದೆ, ಏನಿಲ್ಲ. ಅಷ್ಟರಲ್ಲಿ ಬಸ್‌ಸ್ಟ್ಯಾಂಡಿನ ಆ ಕಡೆಯ ಕೋಳಿ ಅಂಗಡಿಯವನು ಓಡಿ ಬಂದು, ತನ್ನ ಕೋಳಿ ಗೂಡು ಮತ್ತೆ ತಣ್ಣಗಾಯಿತು ಎಂದ. ಇಷ್ಟು ವರ್ಷ ಗೂಡಿನ ಜಾಗವೇ ಹಾಗಿದೆ ಎಂದುಕೊಂಡಿದ್ದನಂತೆ. ಹತ್ತು ವರ್ಷ ಹಾಯಾಗಿದ್ದ ಕೋಳಿಗಳು ಸಕ್ಕರೆ ಕಟ್ಟಿಕೊಂಡು ಬರಲು ಸಾಧ್ಯವೇ? ಅವನ ಮೇಲೆ ಸಿಟ್ಟು ಮಾಡುವುದಕ್ಕೂ ಕಾರಣ ಸಿಗಲಿಲ್ಲ.

ಆಮೇಲೆ ನನ್ನ ತಲೆ ಕೆಟ್ಟು ಕೆರ ಹಿಡಿಯಿತು. ಕಾರ್ಡು, ತಾರೀಖು ಎಲ್ಲ ಬದಿಗಿಟ್ಟು ಊರಲ್ಲಿ ನಿಂತಿರುವ ಮಿಷನ್ನುಗಳನ್ನೆಲ್ಲ ಬಿಚ್ಚುತ್ತ ಹೋದೆ. ಬೀಜದ ಅಂಗಡಿಯದರಲ್ಲಿ ಹಲ್ಲಿ ಸಿಕ್ಕಿ ಬೋರ್ಡು ಸುಟ್ಟಿತ್ತು, ಬೋರ್ಡಿನ ವಾರಂಟಿ ಐದೇ ವರ್ಷ, ಹಲ್ಲಿಗಂತೂ ಯಾವ ವಾರಂಟಿಯೂ ಇಲ್ಲ. ಅದನ್ನು ರಿಪೇರಿ ಮಾಡಿದರೆ ತಂಪು ಶಾಲೆಯ ಸಾಮಾನಿನ ಕೋಣೆಗೆ ಹೋಯಿತು. ಹದಿನೇಳು ಮಿಷನ್ನು ಬಿಚ್ಚಿದೆ. ಹದಿನೇಳು ಕಡೆ ಯಾರೋ ಖುಷಿಪಟ್ಟರು, ಕೆಳಗಿನ ಓಣಿಯಲ್ಲಿ ಮಾತ್ರ ಗೋಡೆ ಹಂಚಿನಂತೆ ಕಾದಿತ್ತು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕುವವರು ನೀವು ಎಂದು, ರಿಮೋಟು ಕಳೆದುಕೊಂಡವರನ್ನು ನಾನು ಹೀಯಾಳಿಸುತ್ತಿದ್ದೆ. ನನ್ನ ಮನೆಯ ಮಿಷನ್ನು ನನ್ನ ಲೆಕ್ಕಕ್ಕೇ ಬರಲಿಲ್ಲ. ನಾನು ಹುಡುಕುತ್ತಿದ್ದುದು ಕೆಟ್ಟ ಮಿಷನ್ನು. ನನ್ನದು ಕೆಟ್ಟಿರಲಿಲ್ಲವಲ್ಲ.

ಬಸವ ಜಯಂತಿಯ ಹಿಂದಿನ ದಿನ ಕಸ್ತೂರಿಗೆ ಜ್ವರ ನೆತ್ತಿಗೇರಿ ಫಿಟ್ಸು ಬಂತು. ಆಸ್ಪತ್ರೆಗೆ ಒಯ್ದು ಸಲೈನು ಹಚ್ಚಿದರು. ಆಸ್ಪತ್ರೆಯಲ್ಲಿ ಮಿಷನ್ನುಗಳೇನೋ ಆರು ಇದ್ದವು, ಅವುಗಳ ತಂಪು ಆಸ್ಪತ್ರೆಗೇ ಬೀಳಬೇಕೆಂಬ ಕಾಯಿದೆ ಇಲ್ಲ. ಇನ್ನೊಮ್ಮೆ ಹೀಗಾದರೆ ನನ್ನ ಕೈಯಲ್ಲಿಲ್ಲ ಎಂದು ಡಾಕ್ಟರು ದ್ಯಾಮವ್ವನಿಗೆ ಹೇಳಿ, ಮೂರನೇ ದಿನ ಮನೆಗೆ ಕಳಿಸಿದರು. ದ್ಯಾಮವ್ವ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ವಾಸಿ ಇತ್ತು. ಬಾಗಿಲಲ್ಲಿ ನಿಂತು, ಇನ್ನೂ ಯಾವರೆ ಮಿಷನ್ ಉಳದಾವೇನೋ ಯಣ್ಣಾ ಎಂದು ಕೇಳಿದಳು. ಉಳಿದಿಲ್ಲ ಅಕ್ಕಾ ಎಂದು ಹೇಳಿ ಬಂದೆ. ಬರುವ ದಾರಿಯಲ್ಲಿ ನನಗೆ ಅಳು ಬಂತು, ಸೈಕಲ್ಲಿನ ಮೇಲೆ ಕೂತೇ ಅತ್ತೆ.

ಅದರ ಮರುದಿನ ಮಧ್ಯಾಹ್ನ ಊಟಕ್ಕೆ ಮನೆಗೆ ಬಂದಾಗ ಕಾಳಮ್ಮನ ಫೋನು ಬಂತು. ಕೂಸಿನ ಸುದ್ದಿ ಹೇಳಿದಳು, ಅಳಿಯನ ಸುದ್ದಿ ಹೇಳಿದಳು. ಕೊನೆಗೆ, ನಮ್ಮ ಮಿಷನ್ನಿನ ಕಂಪ್ರೆಸರ್ ವಾರಂಟಿ ಇನ್ನೇನು ಮುಗಿಯುತ್ತ ಬಂದಿರಬೇಕು, ಅಷ್ಟರೊಳಗೆ ಒಂದು ಸಲ ಬಿಚ್ಚಿ ನೋಡಿಬಿಡಿ, ಊರವರದೆಲ್ಲ ನೋಡುತ್ತೀರಿ, ಕಾರ್ಡು ನನ್ನ ಟ್ರಂಕಿನಲ್ಲಿ ಸೀರೆಗಳ ಕೆಳಗೆ ಇದೆ ಎಂದಳು. ಹೂಂ ಎಂದೆ. ಅವಳ ಮಾತಿಗೆ ಹೂಂ ಎಂದು ಮರೆಯುವವನು ಅಂದು ಯಾಕೋ ಎದ್ದು ಟ್ರಂಕು ತೆಗೆದೆ. ಕೈಗೆ ಇನ್ನೇನೂ ಕೆಲಸ ಇರಲಿಲ್ಲ, ಅಷ್ಟೇ.

ಕಾರ್ಡಿನ ಮೇಲೆ ತಾರೀಖು ಮೇ ಹತ್ತು. ನನ್ನ ಮಿಷನ್ನೆಂದು ನಾನು ಅಂಗಡಿಗೆ ಪ್ರತಿಯನ್ನೂ ಕೊಟ್ಟಿರಲಿಲ್ಲ, ಪೂರ್ತಿ ಕಾರ್ಡು ಇಲ್ಲೇ ಇತ್ತು. ಹಿಂದೆ ತಿರುಗಿಸಿದೆ. ಕಾಳಮ್ಮ ತಾರೀಖು ನೆನಪಿಡುವವಳಲ್ಲ, ಅವಳದೆಲ್ಲ ಹಬ್ಬದ ಲೆಕ್ಕ. ಪೆನ್ಸಿಲಿನಲ್ಲಿ ಬರೆದಿದ್ದಳು: ಬಸವ ಜಯಂತಿ ಮರುದಿನ ಕೂಡಿಸಿದ್ದು. ತಂಪು ಯಾರ ಮನೆಗೆ ಬಿತ್ತೋ ತಿಳಿಯಲಿಲ್ಲ. ಬಂದಾಗ ಹೆಸರು ಬರೆಯುವುದು.

ಹಬ್ಬ ಪ್ರತಿ ವರ್ಷ ಒಂದೇ ತಾರೀಖಿಗೆ ಬರುವುದಿಲ್ಲವೆಂದು ಸಣ್ಣ ಮಕ್ಕಳಿಗೂ ಗೊತ್ತು. ನಾನು ಈ ವರ್ಷದ ಕ್ಯಾಲೆಂಡರು ನೋಡಿ ಹತ್ತು ವರ್ಷದ ಹಿಂದಿನ ಹಬ್ಬ ಹುಡುಕಿದ್ದೆ. ಅದಿರಲಿ, ಆ ತಪ್ಪನ್ನು ಯಾರೂ ಮಾಡಬಹುದು. ಜೇಬಿನಿಂದ ದ್ಯಾಮವ್ವನ ಚೀಟಿ ತೆಗೆದೆ. ತಿಂಗಳಾದರೂ ಅದು ಅಲ್ಲೇ ಇತ್ತು, ಬೆವರಿಗೆ ಮೆತ್ತಗಾಗಿತ್ತು. ನಿಂತದ್ದು: ಯುಗಾದಿ ಮರುದಿನ, ಸಂಜೀಮುಂದ. ನನ್ನದೇ ದುಂಡಗಿನ ಅಕ್ಷರ. ಅದನ್ನು ಎರಡು ಸಲ ಓದಿದೆ. ಕಾಳಮ್ಮನನ್ನು ಬಸ್ಸು ಹತ್ತಿಸಿ ಬಂದ ಸಂಜೆ ಅದು.

ಎದ್ದು ಸ್ವಿಚ್ಚು ಹಾಕಿದೆ. ಮಿಷನ್ನು ಬಾಯಿ ತೆರೆಯಿತು, ಫ್ಯಾನು ತಿರುಗಿತು. ಕಂಪ್ರೆಸರ್ ಮಾತ್ರ ಮೂರು ನಿಮಿಷ ತಡೆದು ಶುರುವಾಗುತ್ತದೆ, ಎಲ್ಲ ಮಿಷನ್ನೂ ಹಾಗೆಯೇ. ಆತುರಪಡುವ ಗಿರಾಕಿಗಳಿಗೆ ನಾನೇ ಸಾವಿರ ಸಲ ಹೇಳಿದ್ದೇನೆ, ಮೂರು ನಿಮಿಷ ತಾಳ್ರೀ ಅಂತ. ಆ ಮೂರು ನಿಮಿಷ ನಾನು ಹೊರಗಿನ ಡಬ್ಬಿಯ ಮುಂದೆ ಬಿಸಿಲಲ್ಲಿ ಕೈ ಮುಗಿದು ನಿಂತಿದ್ದೆ. ಶುರುವಾಯಿತು. ಒಂದು ಸ್ಕ್ರೂ ಕೂಡ ಬಿಚ್ಚಬೇಕಾಗಲಿಲ್ಲ.

ಫೋನು ಮಾಡಲು ಧೈರ್ಯ ಬರಲಿಲ್ಲ. ಕಾರ್ಡು ಜೇಬಿಗೆ ಹಾಕಿಕೊಂಡು ಸೈಕಲ್ಲು ಹತ್ತಿದೆ. ಕೆಳಗಿನ ಓಣಿಯ ಮನೆಯ ಬಾಗಿಲು ಮುಚ್ಚಿತ್ತು. ತಂಪು ಹೊರಗೆ ಹೋಗಬಾರದೆಂದು ಮುಚ್ಚಿದ್ದರು, ಅದು ಗೊತ್ತಾದದ್ದೇ ಎದೆ ಹಗುರವಾಯಿತು, ಮರುಕ್ಷಣವೇ ಮೊದಲಿಗಿಂತ ಭಾರವಾಯಿತು. ಒಳಗೆ ಕಸ್ತೂರಿ ಗೋಡೆಗೆ ಕೆನ್ನೆ ಹಚ್ಚಿ ಕೂತಿದ್ದಳು. ದ್ಯಾಮವ್ವ ನನ್ನ ಕೈ ಹಿಡಿದುಕೊಂಡು, ಯಾರ ಮಿಷನ್ನು, ಯಾವ ಭಾಗ ಕೆಟ್ಟಿತ್ತು, ಯಾವ ಪುಣ್ಯಾತ್ಮರ ಮನೆಯದು ಎಂದು ಕೇಳತೊಡಗಿದಳು. ಸುಳ್ಳು ಹೇಳಬಹುದಿತ್ತು. ಕೆಪಾಸಿಟರ್ ಹೋಗಿತ್ತು ಎಂದಿದ್ದರೆ ನಂಬುತ್ತಿದ್ದಳು, ನನಗೆ ಒಂದು ಲೋಟ ಚಹವೂ ಸಿಗುತ್ತಿತ್ತು. ಆದರೆ ಗೋಡೆಗೆ ಹಚ್ಚಿದ್ದ ಆ ಕೆನ್ನೆಯ ಮೇಲೆ ಕಾವಿನ ಬೊಬ್ಬೆಗಳಿದ್ದವು.

"ಯಾವ ಭಾಗನೂ ಕೆಟ್ಟಿರಲಿಲ್ಲ ಅಕ್ಕಾ. ನನ್ನ ಮನೀ ಮಿಷನ್ ಅದು. ನಾನ ಬಂದ್ ಮಾಡಿದ್ದೆ" ಎಂದೆ.

ದ್ಯಾಮವ್ವ ನನ್ನ ಕೈ ಬಿಟ್ಟಳು. ಕಸ್ತೂರಿ ಗೋಡೆಯಿಂದ ಮುಖ ತೆಗೆಯದೆ ಹೇಳಿದಳು:

"ದಿನಾ ಬಂದು ಕೇಳತಿದ್ರಿ ಕಾಕಾ, ಯಾವಾಗ ನಿಂತಿತು, ಯಾವಾಗ ನಿಂತಿತು ಅಂತ. ನಾವು ದಿನಾ ಹೇಳತಿದ್ವಿ."

ಯಾರ ತಂಪೂ ಬೀಳದ ಮನೆಯವನ ಸಿಟ್ಟು ಅದು ಎಂದು ಹೇಳಬೇಕೆಂದಿದ್ದೆ, ಅಷ್ಟರಲ್ಲಿ ದ್ಯಾಮವ್ವ ಅಡುಗೆಮನೆಗೆ ಹೋದಳು. ಕಸಬರಿಗೆ ತರಲು ಹೋದಳೆಂದೇ ತಿಳಿದೆ, ತಂದರೆ ಏಟು ತಿನ್ನೋಣವೆಂದು ಕೂತೆ. ಅವಳು ಒಂದು ಹಳೆಯ ಡಬ್ಬಿ ತಂದು ನನ್ನ ಮುಂದೆ ಇಟ್ಟಳು. ಒಳಗೆ ಬಿಳಿ ಅರಿವೆಯ ಗಂಟು. ಬಿಚ್ಚಿದರೆ ಸಕ್ಕರೆ, ಹತ್ತು ವರ್ಷದಲ್ಲಿ ಹಳದಿ ತಿರುಗಿ ಕಲ್ಲಾಗಿತ್ತು.

"ಇದು ನಿಮ್ಮ ಮನೀದು, ತಗೋ" ಎಂದಳು. "ಸಿಟ್ಟು ಐತಿ ನನಗ, ಇಲ್ಲನ್ನಂಗಿಲ್ಲ. ಅದು ಬ್ಯಾರೆ, ಇದು ಬ್ಯಾರೆ."

ಕೈಯಲ್ಲಿ ಮುರಿಯಲು ನೋಡಿದೆ, ಮುರಿಯಲಿಲ್ಲ. ಕೊನೆಗೆ ಅವಳೇ ಒಳಕಲ್ಲಿನ ಗುಂಡಿನಿಂದ ಒಡೆದು ಒಂದು ತುಂಡು ನನ್ನ ಅಂಗೈಗೆ ಹಾಕಿದಳು. ಬಾಯಲ್ಲಿ ಇಟ್ಟುಕೊಂಡೆ. ಕರಗಲು ಬಹಳ ಹೊತ್ತು ಹಿಡಿಯಿತು. ಆಮೇಲೆ ಕಾರ್ಡು ತೆಗೆದು ಅವರ ಮುಂದೆ ಇಟ್ಟೆ. ದ್ಯಾಮವ್ವನಿಗೆ ಬರೆಯಲು ಬರುವುದಿಲ್ಲ. ಕಸ್ತೂರಿ ಪೆನ್ನು ತೆಗೆದುಕೊಂಡು ಎರಡನೇ ಸಾಲಿನಲ್ಲಿ ಬರೆದಳು. ವಾರಂಟಿ ಮುಗಿಯಲು ಇನ್ನು ಹದಿನೇಳು ದಿನ ಇತ್ತು.

ಮನೆಗೆ ಬಂದು ಮಿಷನ್ನು ಓಡುತ್ತಿದೆಯೇ ಎಂದು ನೋಡಿ, ಕಾಳಮ್ಮನಿಗೆ ನಾನೇ ಫೋನು ಮಾಡಿದೆ. ನಮ್ಮ ತಂಪು ಬಿದ್ದ ಮನೆ ಸಿಕ್ಕಿತು ಎಂದೆ. ಅವಳು ಖುಷಿಯಿಂದ ಕೂಗುತ್ತಾಳೆ ಎಂದುಕೊಂಡಿದ್ದೆ. ಅವಳು ಅಳುತ್ತಿದ್ದ ಕೂಸನ್ನು ತಟ್ಟಿ ಸುಮ್ಮನಾಗಿಸಿದಳು.

"ಸಿಕ್ತು ಅಂದ್ರ ಯಾರೋ ಹುಡುಕ್ಯಾರ" ಎಂದಳು. "ತಂಪು ಬೀಳಾಕ್ಹತ್ತಿದ್ರ ಯಾರೂ ಹುಡುಕಂಗಿಲ್ಲ. ಎಷ್ಟು ದಿನ ಬಂದ್ ಇಟ್ಟಿದ್ರಿ?"

ಇಪ್ಪತ್ತೆಂಟು ವರ್ಷ ಸಂಸಾರ ಮಾಡಿದವಳ ಮುಂದೆ ಮುಚ್ಚಿಡುವುದು ಏನಿದೆ. ಮೂವತ್ನಾಲ್ಕು ದಿನ ಎಂದೆ. ದ್ಯಾಮವ್ವನ ಸೂತಕ, ಬಚ್ಚಲಿನ ದೋಣಿ, ಫಿಟ್ಸು, ಸಲೈನು, ಕಲ್ಲಾದ ಸಕ್ಕರೆ, ಎಲ್ಲ ಹೇಳಿದೆ. ನಾನು ಮುಗಿಸಿದ ಮೇಲೆ ಬೈಗುಳಕ್ಕಾಗಿ ಕಾದೆ.

"ಆ ಹುಡುಗಿ ಹೆಸರೇನ್ರಿ?" ಎಂದಳು.

"ಕಸ್ತೂರಿ."

"ಕಸ್ತೂರಿ" ಎಂದು ಅವಳು ಒಮ್ಮೆ ತಾನೂ ಹೇಳಿಕೊಂಡಳು. ಆಮೇಲೆ ಫೋನು ಇಟ್ಟಳು.